ತೋಟಗಾರ ಎಳೆದ ಗೆರೆ

(ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯ ಕುರಿತು ಶಿವಮೊಗ್ಗದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಮ್ಮ ಊರಿನ ದೊಡ್ಡ ರಸ್ತೆಯ ಹೆಸರಿನಿಂದಲೇ ಶುರು ಮಾಡುತ್ತೇನೆ. ಬಿ.ಎಚ್. ರಸ್ತೆ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆ ಎರಡು ಅಕ್ಷರಗಳ ಹಿಂದೆ ಏನಿದೆ ಎಂದು ಮನೆಯ ಮಕ್ಕಳನ್ನು ಕೇಳಿ ನೋಡಿ, ಹಲವರು ತಡವರಿಸುತ್ತಾರೆ. ಬೆಂಗಳೂರು, ಹೊನ್ನಾವರ. ಬಯಲುಸೀಮೆಯಿಂದ ಹೊರಟು, ಮಲೆನಾಡನ್ನು ಹಾದು, ಘಟ್ಟ ಇಳಿದು ಕಡಲನ್ನು ಮುಟ್ಟುವ ದಾರಿ. ಸಾಗರ ರಸ್ತೆ, ಸವಳಂಗ ರಸ್ತೆ, ಇವೂ ಹಾಗೆಯೇ. ತಾನು ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಹೆಸರಿನಲ್ಲೇ ಹೇಳಿಬಿಡುವ ರಸ್ತೆಗಳು.

ಇವತ್ತು ನಾನು ಮಾತಾಡಲು ಬಂದಿರುವ ಬೀದಿಯ ಹೆಸರಿನಲ್ಲಿ ಯಾವ ಊರೂ ಇಲ್ಲ. ಶಾಂಜೆಲಿಜೆ. ಫ್ರೆಂಚರು ಬರೆಯುವಾಗ ಎರಡು ಪದ, ಹೇಳುವಾಗ ಒಂದೇ ಉಸಿರು. ಮೊದಲ ಪದಕ್ಕೆ ಹೊಲಗಳು ಎಂದು ಅರ್ಥ. ಎರಡನೆಯದು ಗ್ರೀಕ್ ಪುರಾಣದ ಎಲಿಸಿಯಂನಿಂದ ಬಂದದ್ದು; ವೀರರೂ ಪುಣ್ಯವಂತರೂ ಸತ್ತ ಮೇಲೆ ಹೋಗಿ ಸೇರುವ ಹಸಿರು ಬಯಲು ಅದು. ನಮ್ಮ ಶಿಕಾರಿಪುರ, ಸೊರಬದ ಕಡೆ ಊರೂರಲ್ಲಿ ವೀರಗಲ್ಲುಗಳಿವೆಯಲ್ಲ, ಅವುಗಳನ್ನು ನೆನಪಿಗೆ ತಂದುಕೊಳ್ಳಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ. ಆ ಮೇಲಿನ ಪಟ್ಟಿಕೆಯ ಲೋಕಕ್ಕೆ ಗ್ರೀಕರು ಇಟ್ಟ ಹೆಸರನ್ನು ಪ್ಯಾರಿಸ್ಸಿನವರು 1709ರಲ್ಲಿ ತಮ್ಮ ಊರಾಚೆಯ ಒಂದು ಸಾಲುಮರದ ದಾರಿಗೆ ಇಟ್ಟರು. ಪುಣ್ಯಲೋಕದ ಹೊಲಗಳು ಎಂದು ಕರೆಯಿಸಿಕೊಂಡ ಆ ದಾರಿಯ ಎರಡು ಬದಿಗೆ ಇವತ್ತು ಸುಗಂಧದ ಅಂಗಡಿಗಳು, ಕೈಚೀಲದ ಅಂಗಡಿಗಳು, ಕಾಫಿ ಮಂದಿರಗಳು ಇವೆ. ಹೊಲ ಮಾತ್ರ ಹೆಸರಿನಲ್ಲಿದೆ ಎಂದು ನೀವು ಅಂದುಕೊಳ್ಳಬಹುದು. ಪೂರ್ತಿ ಹಾಗಲ್ಲ, ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಬೀದಿಯ ಆಕಾರವನ್ನು ಕಣ್ಣಿಗೆ ಕಟ್ಟಿಸುತ್ತೇನೆ. ಉದ್ದ ಸುಮಾರು 1.9 ಕಿಲೋಮೀಟರ್, ಅಗಲ 70 ಮೀಟರ್. ಪೂರ್ವದ ತುದಿಯಲ್ಲಿ ಕಾಂಕಾರ್ಡ್ ಎಂಬ ವಿಶಾಲವಾದ ಚೌಕ, ಪಶ್ಚಿಮದ ತುದಿಯಲ್ಲಿ ವಿಜಯದ ಕಮಾನು. ನೆಲ ಸಮತಟ್ಟಾಗಿಲ್ಲ, ಕಾಂಕಾರ್ಡಿನಿಂದ ಕಮಾನಿನ ಕಡೆಗೆ ಮೆಲ್ಲಗೆ ಏರುತ್ತಾ ಹೋಗುತ್ತದೆ. ಏರು ಎಂದರೆ ಆಗುಂಬೆಯ ಏರಲ್ಲ, ಮಾತಾಡುತ್ತಾ ನಡೆದರೆ ಕಾಲಿಗೆ ತಿಳಿಯದಷ್ಟು. ಆದರೆ ಆ ಏರಿನಿಂದಾಗಿಯೇ ಕಮಾನು ಎಲ್ಲಿಂದ ನೋಡಿದರೂ ಆಕಾಶಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಬೀದಿಗೆ ಎರಡು ಭಾಗ. ಕೆಳಗಿನ ಭಾಗದಲ್ಲಿ ಅಂಗಡಿಗಳಿಲ್ಲ, ಎರಡೂ ಬದಿಗೆ ಉದ್ಯಾನ. ರೋಂ-ಪ್ವಾಂ ಎಂಬ ವೃತ್ತವನ್ನು ದಾಟಿದ ಮೇಲೆ ಕಟ್ಟಡಗಳ ಸಾಲು ಆರಂಭವಾಗುತ್ತದೆ. ಚಿತ್ರಗಳಲ್ಲಿ ನಾವೆಲ್ಲ ನೋಡಿರುವುದು ಹೆಚ್ಚಾಗಿ ಈ ಮೇಲಿನ ಭಾಗವನ್ನು.

ನಾನು ಅಲ್ಲಿಗೆ ಹೋಗಿದ್ದು ನಿವೃತ್ತನಾದ ಮೇಲೆ, ಒಂದು ಮೇ ತಿಂಗಳಿನಲ್ಲಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಫ್ರಾನ್ಸಿನ ಮಹಾಕ್ರಾಂತಿಯ ಪಾಠ ಮಾಡಿದವನಿಗೆ ಕಮಾನನ್ನು, ಚೌಕವನ್ನು ನೋಡುವ ಹಂಬಲ. ಆದರೆ ಮೊದಲ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ನೋಟ. ಕೆಳಗಿನ ಉದ್ಯಾನದಲ್ಲಿ ಇಬ್ಬರು ತೋಟದ ಕೆಲಸಗಾರರು ಎರಡು ಗೂಟ ನೆಟ್ಟು, ನಡುವೆ ದಾರ ಬಿಗಿದು ಹೂವಿನ ಸಸಿ ಊರುತ್ತಿದ್ದರು. ಒಬ್ಬಾತ ಮಂಡಿಯೂರಿ, ಒಂದು ಕಣ್ಣು ಮುಚ್ಚಿ ಸಾಲು ನೆಟ್ಟಗಿದೆಯೇ ಎಂದು ನೋಡಿದ. ನನ್ನ ತಂದೆ ಅಡಕೆ ಸಸಿ ಇಡುವಾಗ ಹಾಗೆಯೇ ನೋಡುತ್ತಿದ್ದರು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ ಇರುತ್ತಿತ್ತು, ಇನ್ನೊಂದು ತುದಿ ಬಸಿಗಾಲುವೆಯ ಆಚೆ ಅಣ್ಣನ ಕೈಯಲ್ಲಿ. ಸಾಲು ಬೆರಳಿನಷ್ಟು ಓರೆಯಾದರೂ ಗುಂಡಿ ಮುಚ್ಚಿಸಿ ಮತ್ತೆ ತೋಡಿಸುತ್ತಿದ್ದರು. ಈಗ ಓರೆಯಾದದ್ದು ಇಪ್ಪತ್ತು ವರ್ಷ ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಿದ್ದರು. ಆ ದಿನ ಉದ್ಯಾನದ ಬೆಂಚಿನ ಮೇಲೆ ಕುಳಿತಾಗ ನನಗೆ ಈ ಬೀದಿ ಮೊದಲ ಬಾರಿಗೆ ಅರ್ಥವಾಯಿತು. ಇದು ಇಂಜಿನಿಯರು ಹಾಕಿದ ರಸ್ತೆಯಲ್ಲ, ತೋಟಗಾರ ಹಿಡಿದ ಸಾಲು. ಇವತ್ತಿನ ನನ್ನ ಮಾತೆಲ್ಲ ಅಷ್ಟರ ಸುತ್ತಲೇ ಇದೆ.

ಆ ತೋಟಗಾರನ ಹೆಸರು ಆಂದ್ರೆ ಲ ನೋತ್ರ್. ಹುಟ್ಟಿದ್ದು 1613ರಲ್ಲಿ. ತಂದೆಯೂ ಅಜ್ಜನೂ ಪ್ಯಾರಿಸ್ಸಿನ ತ್ವಿಲರಿ ಅರಮನೆಯ ತೋಟದಲ್ಲಿ ಕೆಲಸ ಮಾಡಿದವರು. ತೋಟದ ಮನೆಯಲ್ಲಿ ಹುಟ್ಟಿ, ತೋಟದಲ್ಲೇ ಬೆಳೆದು, ಕೊನೆಗೆ ಹದಿನಾಲ್ಕನೆಯ ಲೂಯಿ ದೊರೆಗೆ ವರ್ಸಾಯ್ ಅರಮನೆಯ ಉದ್ಯಾನವನ್ನು ರೂಪಿಸಿಕೊಟ್ಟವನು. ಅವನ ಕಾಲದಲ್ಲಿ ತ್ವಿಲರಿ ತೋಟದಿಂದ ಪಶ್ಚಿಮಕ್ಕೆ ಇದ್ದದ್ದು ಜೌಗು ನೆಲ, ಹೊಲ, ತರಕಾರಿ ತೋಟಗಳು. 1616ರಲ್ಲಿ ರಾಣಿ ಮರೀ ದ ಮೆದಿಚಿ ಸೇನ್ ನದಿಯ ದಂಡೆಗೆ ಸಾಲುಮರದ ಒಂದು ಸವಾರಿಯ ದಾರಿ ಮಾಡಿಸಿದ್ದಳು, ಅಷ್ಟೆ. 1667ರಲ್ಲಿ ಲ ನೋತ್ರ್ ಅರಮನೆಯ ತೋಟದ ನಡುಗೆರೆಯನ್ನು ಬೇಲಿಯಾಚೆಗೂ ಎಳೆದ. ದೊರೆ ಕಿಟಕಿಯಲ್ಲಿ ನಿಂತು ನೋಡಿದರೆ ನೋಟ ಎಲ್ಲೂ ತಡೆಯದೆ ದಿಗಂತದ ದಿಣ್ಣೆಯವರೆಗೆ ಹೋಗಬೇಕು, ಎರಡೂ ಬದಿಗೆ ಮರಗಳ ಸಾಲಿರಬೇಕು, ಇದು ಅವನ ಯೋಜನೆ. ಅಲ್ಲಿ ಆಗ ಯಾವ ಊರೂ ಇರಲಿಲ್ಲ, ಆ ಸಾಲನ್ನು ಹಿಡಿದು ಹೋದರೆ ಸಿಗುವ ಸಂತೆಯೂ ಇರಲಿಲ್ಲ.

ಅವನ ಸಾಲು ಮುಗಿದದ್ದು ಇವತ್ತಿನ ರೋಂ-ಪ್ವಾಂ ವೃತ್ತದ ಹತ್ತಿರ. 1724ರಲ್ಲಿ ಅದನ್ನು ಶಾಯೋ ದಿಬ್ಬದ ಕಡೆಗೆ ಬೆಳೆಸಿದರು, ಅದೇ ಶತಮಾನದಲ್ಲಿ ಮುಂದಕ್ಕೆ ಸೇನ್ ನದಿಯ ನ್ಯೂಯಿ ಸೇತುವೆಯವರೆಗೂ ಹೋಯಿತು. ಲ ನೋತ್ರ್ 1700ರಲ್ಲಿ ತೀರಿಕೊಂಡಿದ್ದ. ಮುಂದೆ ಬಂದವರೆಲ್ಲ ಅವನು ಬಿಗಿದ ಹಗ್ಗವನ್ನೇ ಹಿಡಿದು ಮುಂದುವರಿದರು. 1989ರಲ್ಲಿ ಪ್ಯಾರಿಸ್ಸಿನ ಹೊರಗೆ ಲಾ ದೆಫಾನ್ಸ್ ಎಂಬಲ್ಲಿ ಹೊಸ ಕಾಲದ ಒಂದು ಬೃಹತ್ ಕಮಾನು ಕಟ್ಟಿದರಲ್ಲ, ಅದೂ ಇದೇ ಗೆರೆಯ ಮೇಲಿದೆ. ಆದರೆ ಗೆರೆ ಹೊರಟ ತ್ವಿಲರಿ ಅರಮನೆಯೇ ಈಗಿಲ್ಲ! 1871ರ ದಂಗೆಯಲ್ಲಿ ಅದಕ್ಕೆ ಬೆಂಕಿ ಬಿತ್ತು, 1883ರಲ್ಲಿ ಉಳಿದ ಗೋಡೆಗಳನ್ನೂ ಕೆಡವಿದರು. ದೊರೆಗಾಗಿ ಎಳೆದ ಗೆರೆ ದೊರೆಯ ಕಿಟಕಿ ಇಲ್ಲದೆಯೂ ಉಳಿಯಿತು. ಹೊಸನಗರ ತಾಲ್ಲೂಕಿನ ನಗರದ ಬಳಿ ದೇವಗಂಗೆಯ ಕೊಳಗಳಿಗೆ ಹೋದವರಿಗೆ ಇದು ಹೊಸದಲ್ಲ. ಕೆಳದಿಯ ಅರಸರ ಬಿದನೂರಿನ ವೈಭವವನ್ನು ಅಲ್ಲಿ ಊಹಿಸಿಕೊಳ್ಳಬೇಕು. ಆದರೆ ಅವರು ಕಲ್ಲು ಕಟ್ಟಿಸಿ ಹರಿಸಿದ ನೀರು ಇವತ್ತಿಗೂ ಒಂದು ಕೊಳದಿಂದ ಇನ್ನೊಂದಕ್ಕೆ ಇಳಿಯುತ್ತಿದೆ.

ಮರದ ಮಾತು ಬಂದದ್ದರಿಂದ ಸ್ವಲ್ಪ ಬದಿಗೆ ಸರಿಯುತ್ತೇನೆ. ನಮ್ಮಲ್ಲೂ ಸಾಲುಮರದ ವಿದ್ಯೆ ಹಳೆಯದು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆಯವರು ಸಾಲುಧೂಪದ ಮರವನ್ನು ಬಲ್ಲರು. ಹೆಸರಿನಲ್ಲೇ ಸಾಲು ಇದೆ. ಎಳೆಯ ಎಲೆ ಕೆಂಪಾಗಿ ಚಿಗುರಿ, ಹೂ ಬಿಟ್ಟಾಗ ದಾರಿಯೆಲ್ಲ ಘಮ್ಮೆನ್ನುತ್ತದೆ. ಅಂತಹ ಮರದ ಕೆಳಗೆ ಬಸ್ಸಿಗೆ ಕಾದವನು ಬಿಸಿಲನ್ನು ಬೈಯುವುದಿಲ್ಲ. ರಸ್ತೆ ಅಗಲ ಮಾಡುವಾಗ ಅಂತಹ ಎಷ್ಟು ಮರಗಳು ನಮ್ಮ ಕಣ್ಣ ಮುಂದೆಯೇ ಉರುಳಿದವು! ಒಂದು ಮಧ್ಯಾಹ್ನದಲ್ಲಿ ಗರಗಸ ಮುಗಿಸಿದ ಕೆಲಸಕ್ಕೆ ಬದಲು ಸಿಗಲು ಎರಡು ತಲೆಮಾರು ಬೇಕು. ನಾನು ದಿನವೂ ಶಾಲೆಗೆ ನಡೆದ ದಾರಿಯಲ್ಲೇ ಹಾಗಾಯಿತು. ಅದನ್ನು ಇವತ್ತಿಗೂ ನೋವಿಲ್ಲದೆ ನೆನೆಯಲಾರೆ.

ಮತ್ತೆ ಪ್ಯಾರಿಸ್ಸಿಗೆ ಬರೋಣ. ನಾನು ಮಾಡಿದಂತೆ ನೀವೂ ಕೆಳಗಿನ ತುದಿಯಿಂದಲೇ ನಡೆಯಲು ಶುರು ಮಾಡಿ. ಕಾಂಕಾರ್ಡ್ ಎಂದರೆ ಸಾಮರಸ್ಯ. 1793ರಲ್ಲಿ ಆ ಚೌಕಕ್ಕೆ ಕ್ರಾಂತಿಯ ಚೌಕ ಎಂಬ ಹೆಸರಿತ್ತು. ಆ ವರ್ಷದ ಜನವರಿ 21ರಂದು ಹದಿನಾರನೆಯ ಲೂಯಿಯ ತಲೆ, ಅಕ್ಟೋಬರ್ 16ರಂದು ರಾಣಿ ಮರೀ ಆಂತ್ವಾನೆತ್‌ಳ ತಲೆ ಗಿಲೊಟಿನ್ ಯಂತ್ರದ ಕೆಳಗೆ ಬಿದ್ದದ್ದು ಅಲ್ಲಿ. ಇವತ್ತು ಅದರ ನಡುವೆ ಇರುವುದು ಈಜಿಪ್ಟಿನ ಒಂದು ಏಕಶಿಲೆಯ ಸ್ತಂಭ. ಲಕ್ಸರ್ ದೇವಾಲಯದ ಬಾಗಿಲಲ್ಲಿ ಜೋಡಿಯಾಗಿ ನಿಂತಿದ್ದ ಎರಡರಲ್ಲಿ ಒಂದು. ಮೂರು ಸಾವಿರ ವರ್ಷಕ್ಕೂ ಹಳೆಯದು, ಸುಮಾರು 23 ಮೀಟರ್ ಎತ್ತರ, ಇನ್ನೂರು ಟನ್ನಿಗೂ ಮೀರಿದ ತೂಕ. ಆಗ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ ಅದನ್ನು ಕೊಡುಗೆಯಾಗಿ ಕೊಟ್ಟ. ಹಡಗಿನಲ್ಲಿ ತಂದು 1836ರ ಅಕ್ಟೋಬರ್ 25ರಂದು ನಿಲ್ಲಿಸಿದರು. ದೊರೆಯ ರಕ್ತ ಬಿದ್ದ ಜಾಗದಲ್ಲಿ ಯಾವ ಫ್ರೆಂಚ್ ಪಕ್ಷದವರ ವಿಗ್ರಹ ನಿಲ್ಲಿಸಿದರೂ ಇನ್ನೊಂದು ಪಕ್ಷಕ್ಕೆ ಕೋಪ. ಯಾರ ಜಗಳಕ್ಕೂ ಸೇರದ ಕಲ್ಲು ಒದಗಿ ಬಂತು. ಜೋಡಿಯ ಇನ್ನೊಂದು ಕಂಬ ಇವತ್ತಿಗೂ ಲಕ್ಸರಿನ ಬಾಗಿಲಲ್ಲಿ ಒಂಟಿಯಾಗಿ ನಿಂತಿದೆ.

ಅದರ ಕೆಳಗೆ ನಿಂತಾಗ ನನಗೆ ನಮ್ಮ ತಾಳಗುಂದದ ಸ್ತಂಭ ನೆನಪಾಯಿತು. ಶಿಕಾರಿಪುರ ತಾಲ್ಲೂಕಿನ ಪ್ರಣವೇಶ್ವರ ದೇವಾಲಯದ ಮುಂದೆ, ಕದಂಬರ ಕಥೆಯನ್ನು ಕುಬ್ಜನೆಂಬ ಕವಿಯ ಶ್ಲೋಕಗಳಲ್ಲಿ ಮೈಮೇಲೆ ಹೊತ್ತುಕೊಂಡು ನಿಂತಿರುವ ಕಂಬ ಅದು. ಸುಮಾರು ಒಂದೂವರೆ ಸಾವಿರ ವರ್ಷವಾದರೂ ಯಾರೂ ಅದನ್ನು ಯಾವ ರಾಜಧಾನಿಗೂ ಸಾಗಿಸಲಿಲ್ಲ. ಇಲ್ಲಿಂದ ಅರ್ಧ ದಿನದ ಪ್ರಯಾಣವೂ ಅಲ್ಲ, ನೋಡದವರು ದಯವಿಟ್ಟು ಹೋಗಿ ಬನ್ನಿ.

ಚೌಕ ದಾಟಿದರೆ ಬೀದಿಯ ಬಾಯಲ್ಲಿ ಎರಡು ಕೆರಳಿದ ಕುದುರೆಗಳು, ಅವುಗಳನ್ನು ಹಿಡಿದೆಳೆಯುವ ಆಳುಗಳು. ಕೂಸ್ತು ಎಂಬ ಶಿಲ್ಪಿಯ ಕೆಲಸ. ಹೊರಗಿರುವವು ಪಡಿಯಚ್ಚುಗಳು, ಮೂಲ ಶಿಲ್ಪಗಳು ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಮಳೆಗಾಳಿಗೆ ಸಿಕ್ಕದೆ ಇವೆ. ಅಲ್ಲಿಂದ ಮುಂದೆ ಎರಡೂ ಬದಿಗೆ ಕುದುರೆ ಚೆಸ್ಟ್‌ನಟ್ ಮರಗಳ ನೆರಳು. ಒಂದು ಕಾಲುದಾರಿಗೆ ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್‌ನ ಹೆಸರಿದೆ. ಬಾಲಕನಾಗಿ ಅವನು ಆಡಿದ್ದು ಈ ತೋಟದಲ್ಲಿ. ಹತ್ತೊಂಬತ್ತನೆಯ ಶತಮಾನದ ಆರಂಭದಿಂದ ನಡೆದುಬಂದಿರುವ ಒಂದು ಬೊಂಬೆಯಾಟದ ಪುಟ್ಟ ರಂಗವಿದೆ. ಗುರುವಾರ, ಶನಿವಾರ, ಭಾನುವಾರ ಅಂಚೆಚೀಟಿ ಸಂಗ್ರಹಿಸುವವರ ಸಂತೆ ಸೇರುತ್ತದೆ. ನಮ್ಮ ಕಡೆಯ ವಾರದ ಸಂತೆಯಷ್ಟೇ ಮಾತು, ಚೌಕಾಸಿ, ಆದರೆ ಎಲ್ಲವೂ ಬೆರಳಗಲದ ಕಾಗದಕ್ಕಾಗಿ. ಬಲಗಡೆಯ ಮರಗಳ ಹಿಂದೆ ಒಂದು ಕಬ್ಬಿಣದ ಬಾಗಿಲು, ಮೇಲೆ ಚಿನ್ನದ ಬಣ್ಣದ ಹುಂಜ. ಅದು ಎಲಿಜೆ ಅರಮನೆಯ ಹಿತ್ತಿಲ ಬಾಗಿಲು, ಫ್ರಾನ್ಸಿನ ಅಧ್ಯಕ್ಷರ ನಿವಾಸ. ಎಡಗಡೆಗೆ ಗ್ರಾಂ ಪಾಲೆ ಮತ್ತು ಪೆತಿ ಪಾಲೆ, ಎಂದರೆ ದೊಡ್ಡ ಅರಮನೆ, ಚಿಕ್ಕ ಅರಮನೆ. ಹೆಸರಿಗೆ ಅರಮನೆ, ಕಟ್ಟಿದ್ದು 1900ರ ವಿಶ್ವ ಪ್ರದರ್ಶನಕ್ಕೆ. ದೊಡ್ಡದರ ಗಾಜಿನ ಛಾವಣಿಯ ಕೆಳಗೆ 2024ರ ಒಲಿಂಪಿಕ್ಸಿನಲ್ಲಿ ಕತ್ತಿವರಸೆ ನಡೆಯಿತು. ಚಿಕ್ಕದರಲ್ಲಿ ಪ್ಯಾರಿಸ್ ನಗರದ ಕಲಾಸಂಗ್ರಹವಿದೆ, ಕಾಯಂ ಸಂಗ್ರಹ ನೋಡಲು ಟಿಕೆಟ್ ಇಲ್ಲ. ನಾನು ಅಲ್ಲಿ ಎರಡು ಮಧ್ಯಾಹ್ನ ಕಳೆದೆ.

ಈ ತೋಟ ಯಾವಾಗಲೂ ಹೀಗೆ ಇರಲಿಲ್ಲ. ನೆಪೋಲಿಯನ್ ಸೋತಾಗ, 1814ರಲ್ಲಿ, ರಷ್ಯಾದ ಕೊಸಾಕ್ ಸವಾರರು ಈ ಮರಗಳ ಕೆಳಗೆ ಬಿಡಾರ ಹೂಡಿದ್ದರು. 1828ರಲ್ಲಿ ಈ ಜಾಗ ಪ್ಯಾರಿಸ್ ನಗರದ ಆಡಳಿತಕ್ಕೆ ಸೇರಿತು. ಆಮೇಲೆಯೇ ಕಾಲುದಾರಿಗಳು, ಕಾರಂಜಿಗಳು, ಅನಿಲದ ದೀಪಗಳು ಬಂದದ್ದು. ಹಿತ್ತೊರ್ಫ್ ಎಂಬ ವಾಸ್ತುಶಿಲ್ಪಿ ಉದ್ಯಾನಕ್ಕೆ ಹೊಸ ರೂಪ ಕೊಟ್ಟ. ನನ್ನ ಮಟ್ಟಿಗೆ ಆ ಬೀದಿ ಪ್ಯಾರಿಸ್ಸಿನ ಜನರದ್ದಾದದ್ದು ಆಗ. ಅಲ್ಲಿಯವರೆಗೆ ಅದು ದೊರೆಯ ಕಣ್ಣಿಗಾಗಿ ಇತ್ತು.

ರೋಂ-ಪ್ವಾಂ ದಾಟಿ ಏರಿದರೆ ಅಂಗಡಿಗಳ ಭಾಗ. 1899ರಿಂದ ಇರುವ ಫುಕೆ ಎಂಬ ಕೆಂಪು ಮೇಲ್ಕಟ್ಟಿನ ಉಪಾಹಾರ ಮಂದಿರ, 1914ರಿಂದ ಅದೇ ವಿಳಾಸದಲ್ಲಿರುವ ಗೆರ್ಲಾಂ ಸುಗಂಧದ ಅಂಗಡಿ, ಹೀಗೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪ್ರವಾಸದ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ನಾನು ನೋಡಿದ್ದು ಮರಗಳನ್ನು. ಅಲ್ಲಿ ಪ್ಲೇನ್ ಮರಗಳು. ತೊಗಟೆ ನಮ್ಮ ನಂದಿ ಮರದಂತೆ ಹಕ್ಕಳೆ ಹಕ್ಕಳೆಯಾಗಿ ಉದುರಿ, ಕಾಂಡ ತಿಳಿ ಬಣ್ಣಕ್ಕೆ ತಿರುಗಿರುತ್ತದೆ. ಬೀದಿಯ ಉದ್ದಕ್ಕೂ ಅವುಗಳ ತಲೆಯನ್ನು ಗೋಡೆ ಸಾರಿಸಿದಂತೆ ಸಮನಾಗಿ ಕತ್ತರಿಸುತ್ತಾರೆ. ಲ ನೋತ್ರ್‌ನ ಹಗ್ಗ ಅಲ್ಲಿಯೂ ಬಿಗಿಯಾಗಿದೆ.

ಇನ್ನು ಕಮಾನು. 1805ರ ಆಸ್ಟರ್ಲಿಟ್ಸ್ ಯುದ್ಧ ಗೆದ್ದ ನೆಪೋಲಿಯನ್ ಮರುವರ್ಷ ಇದಕ್ಕೆ ಆಜ್ಞೆ ಕೊಟ್ಟ. ಐವತ್ತು ಮೀಟರ್ ಎತ್ತರದ ಕಲ್ಲಿನ ಕೆಲಸ ಹೇಳಿದ ಕೂಡಲೆ ಮುಗಿಯುವುದಿಲ್ಲ. 1810ರಲ್ಲಿ ಅವನು ಆಸ್ಟ್ರಿಯಾದ ರಾಜಕುಮಾರಿ ಮರೀ ಲೂಯಿಸಳನ್ನು ಮದುವೆಯಾಗಿ ಈ ದಾರಿಯಲ್ಲಿ ಮೆರವಣಿಗೆ ಬರುವ ಹೊತ್ತಿಗೆ ಕಮಾನು ಇನ್ನೂ ಬುಡದಲ್ಲೇ ಇತ್ತು. ಆಗ ಏನು ಮಾಡಿದರು ಗೊತ್ತೇ? ಮರದ ಚೌಕಟ್ಟು ಎಬ್ಬಿಸಿ, ಬಟ್ಟೆ ಬಿಗಿದು, ಬಣ್ಣ ಬಳಿದು ಅಷ್ಟೇ ಎತ್ತರದ ಕಮಾನನ್ನು ನಿಲ್ಲಿಸಿಬಿಟ್ಟರು. ನಮ್ಮಲ್ಲಿ ಮದುವೆಗೆ ಅಡಕೆ ಮರದ ಕಂಬ ನೆಟ್ಟು, ದಬ್ಬೆ ಕಟ್ಟಿ, ಮೇಲೆ ಸೋಗೆ ಹೊದಿಸಿ ಚಪ್ಪರ ಹಾಕುತ್ತೇವಲ್ಲ, ಯುರೋಪನ್ನು ನಡುಗಿಸಿದ ಚಕ್ರವರ್ತಿಯ ಮದುವೆಗೂ ಚಪ್ಪರವೇ ಆಯಿತು. ಕಲ್ಲಿನ ಕಮಾನು ಮುಗಿದದ್ದು 1836ರಲ್ಲಿ, ಲೂಯಿ ಫಿಲಿಪ್ ದೊರೆಯ ಕಾಲದಲ್ಲಿ. ಅಷ್ಟು ಹೊತ್ತಿಗೆ ನೆಪೋಲಿಯನ್ ಸೆರೆಯಲ್ಲಿ ಸತ್ತು ಹದಿನೈದು ವರ್ಷ. ಅವನು ತನ್ನ ಕಮಾನಿನ ಕೆಳಗೆ ಹಾದದ್ದು 1840ರ ಡಿಸೆಂಬರ್ 15ರಂದು. ಸೇಂಟ್ ಹೆಲೆನಾ ದ್ವೀಪದಿಂದ ತಂದ ಅವನ ಶವಪೆಟ್ಟಿಗೆ ಕೊರೆಯುವ ಚಳಿಯಲ್ಲಿ ಈ ಬೀದಿಯನ್ನು ಇಳಿಯಿತು.

ಅದೇ ಕಮಾನಿನ ಕೆಳಗೆ ಮೊದಲ ಮಹಾಯುದ್ಧದಲ್ಲಿ ಸತ್ತ, ಹೆಸರು ತಿಳಿಯದ ಒಬ್ಬ ಸೈನಿಕನ ಸಮಾಧಿ ಇದೆ. ಅವನನ್ನು 1920ರ ನವೆಂಬರ್ 11ರಂದು ಕಮಾನಿಗೆ ತಂದರು. 1923ರ ಅದೇ ದಿನ ಹಚ್ಚಿದ ಜ್ಯೋತಿಯನ್ನು ಪ್ರತಿ ಸಂಜೆ ಆರೂವರೆಗೆ ಮತ್ತೆ ಉದ್ದೀಪಿಸುತ್ತಾರೆ, ಒಂದು ದಿನವೂ ತಪ್ಪದೆ. ಪ್ಯಾರಿಸ್ಸನ್ನು ಜರ್ಮನರು ಆಕ್ರಮಿಸಿದ್ದ ವರ್ಷಗಳಲ್ಲೂ ಅದು ಆರಲಿಲ್ಲ. ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಹಿರಿಯ ಸೈನಿಕರು ಪದಕ ಧರಿಸಿ ಬಂದು ಹೂ ಇಡುತ್ತಾರೆ. ನಾನು ಒಂದು ಸಂಜೆ ನಿಂತು ನೋಡಿದೆ. ನಮ್ಮೂರ ಕೆರೆ ಏರಿಯ ಮೇಲೆ ಅಕ್ಷರ ಸವೆದು ಹೋದ ಒಂದು ವೀರಗಲ್ಲಿದೆ. ಯಾರದು ಎಂದು ಯಾರಿಗೂ ತಿಳಿಯದಿದ್ದರೂ ನನ್ನ ಅಜ್ಜಿ ಹಾದುಹೋಗುವಾಗ ಒಂದು ಹೂ ಇಟ್ಟೇ ಹೋಗುತ್ತಿದ್ದರು. ಹೆಸರಿಲ್ಲದವನಿಗೆ ಹೂ ಇಡುವುದು ಏನೆಂದು ನನಗೆ ಅವರಿಂದ ಗೊತ್ತಿತ್ತು, ಆದ್ದರಿಂದ ಅಲ್ಲಿ ಯಾರೂ ವಿವರಿಸಬೇಕಾಗಲಿಲ್ಲ.

ಮೆರವಣಿಗೆಗಳ ಬೀದಿ ಎಂದೇ ಇದು ಪ್ರಸಿದ್ಧ. ಎಲ್ಲವನ್ನೂ ಹೇಳಿದರೆ ರಾತ್ರಿಯಾದೀತು. ಕೆಲವನ್ನು ಮಾತ್ರ ಹೇಳುತ್ತೇನೆ. 1885ರಲ್ಲಿ ಕವಿ ವಿಕ್ಟರ್ ಹ್ಯೂಗೋ ತೀರಿಕೊಂಡಾಗ ಶವಪೆಟ್ಟಿಗೆಯನ್ನು ಒಂದು ರಾತ್ರಿ ಕಮಾನಿನ ಕೆಳಗೆ ಇಟ್ಟು, ಜೂನ್ 1ರಂದು ಲಕ್ಷಾಂತರ ಜನರ ನಡುವೆ ಈ ಬೀದಿಯಲ್ಲಿ ಒಯ್ದರು. ಕವಿಯೊಬ್ಬನಿಗೆ ಚಕ್ರವರ್ತಿಯ ಗೌರವ! 1994ರ ನವೆಂಬರಿನಲ್ಲಿ ಕುವೆಂಪು ಅವರನ್ನು ಕುಪ್ಪಳಿಗೆ ತಂದ ದಿನ ಇಲ್ಲಿರುವ ಹಿರಿಯರಿಗೆ ನೆನಪಿದೆ. ಅವರು ಒರಗಿದ್ದು ಯಾವ ರಾಜಬೀದಿಯ ಕೊನೆಯಲ್ಲೂ ಅಲ್ಲ, ಕವಿಶೈಲದ ಬಂಡೆಯ ಬಳಿ, ಕಾಡಿನ ನಡುವೆ. ಎರಡೂ ದೊಡ್ಡ ಗೌರವವೇ. ನನ್ನನ್ನು ಕೇಳಿದರೆ ನಮ್ಮದು ಕವಿಗೆ ಹೆಚ್ಚು ಹತ್ತಿರ.

1940ರ ಜೂನ್ 14ರಂದು ಜರ್ಮನ್ ಸೈನಿಕರು ಇದೇ ಬೀದಿಯಲ್ಲಿ ನಡೆದರು. ನಾಲ್ಕು ವರ್ಷದ ಮೇಲೆ, 1944ರ ಆಗಸ್ಟ್ 26ರಂದು, ಊರು ಬಿಡುಗಡೆಯಾದ ಮರುದಿನ, ಜರ್ಮನರ ವಿರುದ್ಧ ಹೋರಾಡಿದ ಫ್ರೆಂಚರ ನಾಯಕ ಷಾರ್ಲ್ ದ ಗಾಲ್ ಜನಸಾಗರದ ನಡುವೆ ಕಮಾನಿನಿಂದ ಕೆಳಕ್ಕೆ ಕಾಲ್ನಡಿಗೆಯಲ್ಲಿ ಬಂದರು. ಮಹಡಿಗಳ ಮೇಲೆ ಶತ್ರುವಿನ ಬಂದೂಕುಗಾರರು ಅಡಗಿರಬಹುದಾದ ದಿನ ಅದು. ವಾಹನ ಹತ್ತದೆ ನಡೆದೇ ಬಂದದ್ದು ಆ ಜನರಿಗೆ ಭಾಷಣಕ್ಕಿಂತ ಹೆಚ್ಚು ಹೇಳಿತು.

ಪ್ರತಿ ವರ್ಷ ಜುಲೈ 14ರ ರಾಷ್ಟ್ರೀಯ ದಿನದ ಪಥಸಂಚಲನವೂ ಇಲ್ಲಿಯೇ. ಇದರಲ್ಲಿ ನಮಗೊಂದು ಪಾಲಿದೆ. 1916ರಲ್ಲಿ, ಯುದ್ಧದ ನಡುವೆ, ಭಾರತೀಯ ಸೈನಿಕರು ಪ್ಯಾರಿಸ್ಸಿನ ಆ ಪಥಸಂಚಲನದಲ್ಲಿ ನಡೆದಿದ್ದರು. 2009ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಮುಖ್ಯ ಅತಿಥಿಯಾಗಿದ್ದಾಗ ಭಾರತದ ಮೂರೂ ಪಡೆಗಳ ಸುಮಾರು 400 ಮಂದಿ ಅಲ್ಲಿ ಹೆಜ್ಜೆ ಹಾಕಿದರು. ಅವರಲ್ಲಿ ಮರಾಠಾ ಲಘು ಪದಾತಿ ದಳವೂ ಇತ್ತು. ಅದರ ತರಬೇತಿ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಬೆಳಗಾವಿಯ ಮೈದಾನದಲ್ಲಿ ಕಲಿತ ಹೆಜ್ಜೆ ಲ ನೋತ್ರ್‌ನ ಗೆರೆಯ ಮೇಲೆ ಬಿತ್ತು ಎಂದು ಓದಿದ ದಿನ ತರಗತಿಯಲ್ಲಿ ಪಾಠ ಬಿಟ್ಟು ಇದನ್ನೇ ಹೇಳಿದ್ದೆ.

ಈಗ ಬೀದಿ ಕೆಟ್ಟ ಕಥೆ, ಮತ್ತೆ ಚೇತರಿಸಿಕೊಂಡ ಕಥೆ. ಕಾರುಗಳು ಹೆಚ್ಚಿದಂತೆ ಎಂಟು ಸಾಲು ವಾಹನಗಳ ರಸ್ತೆಯಾಯಿತು. ಪಕ್ಕದ ಕಿರುದಾರಿಗಳಲ್ಲೆಲ್ಲ ಕಾರು ನಿಂತವು. ನಡೆಯುವವರು ಅಂಗಡಿಗೂ ಕಾರಿಗೂ ನಡುವಿನ ಸಂದಿಯಲ್ಲಿ ನುಸುಳಬೇಕಾಯಿತು. ನಮ್ಮ ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ಸಂಜೆ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ. 1992ರಿಂದ 1994ರವರೆಗೆ ನಗರಾಡಳಿತ ದೊಡ್ಡ ಕೆಲಸ ಕೈಗೊಂಡಿತು. ಕಾರುಗಳನ್ನು ನೆಲದಡಿಯ ನಿಲ್ದಾಣಕ್ಕೆ ಇಳಿಸಿದರು. ಕಿರುದಾರಿಗಳನ್ನು ಕಾಲುದಾರಿಗೆ ಸೇರಿಸಿ, ತಿಳಿ ಬೂದು ಬಣ್ಣದ ಗ್ರಾನೈಟ್ ಹಾಸಿದರು. ಎರಡೂ ಬದಿಗೆ ಇನ್ನೊಂದೊಂದು ಸಾಲು ಪ್ಲೇನ್ ಮರ ನೆಟ್ಟರು. ರಸ್ತೆಯನ್ನು ಸುಧಾರಿಸಲು ಹೊರಟವರು ಮರದ ಸಾಲನ್ನು ಹೆಚ್ಚಿಸಿದರು ಎಂಬುದನ್ನು ದಯವಿಟ್ಟು ಗಮನಿಸಿ. 2016ರ ಮೇ 8ರಿಂದ ತಿಂಗಳ ಮೊದಲ ಭಾನುವಾರ ಈ ಬೀದಿ ವಾಹನಗಳಿಗೆ ಬಂದ್. ಅಂದು ಎಂಟು ಸಾಲಿನ ನಡುವೆ ಮಕ್ಕಳು ಸೈಕಲ್ ಕಲಿಯುತ್ತಾರೆ.

ಹೊಲದ ಕಥೆ ಹೇಳುತ್ತೇನೆ ಎಂದಿದ್ದೆನಲ್ಲ. 1990ರ ಜೂನ್ ತಿಂಗಳಿನಲ್ಲಿ ಫ್ರಾನ್ಸಿನ ರೈತರು ತಟ್ಟೆಗಳಲ್ಲಿ ಬೆಳೆಸಿದ ಗೋಧಿಯ ಪೈರನ್ನು ತಂದು ಈ ಬೀದಿಯ ಮೇಲೆ ಜೋಡಿಸಿದರು. ಡಾಂಬರಿನ ಮೇಲೆ ಗೋಧಿಯ ಹೊಲ ತೂಗಾಡಿತು, ಅಲ್ಲಿಯೇ ಕೊಯ್ಲು ಮಾಡಿದರು. ಇಪ್ಪತ್ತು ವರ್ಷದ ಮೇಲೆ, 2010ರ ಮೇ 23 ಮತ್ತು 24ರಂದು, ಯುವ ರೈತರ ಸಂಘಟನೆ ಇನ್ನೂ ದೊಡ್ಡದಾಗಿ ಮಾಡಿತು. ಸುಮಾರು 8,000 ಮಣ್ಣಿನ ಮಡಿಗಳು, ಒಂದೂವರೆ ಲಕ್ಷ ಗಿಡಗಳು. ಗೋಧಿ, ಸಾಸಿವೆ, ದ್ರಾಕ್ಷಿ, ಅನಾನಸು, ಬೆಳೆದ ಮರಗಳು, ಹಸು, ಕುರಿ, ಹಂದಿ. ಬೆಳೆಗೆ ಬೆಲೆ ಕುಸಿದು ರೈತರು ಕಂಗಾಲಾಗಿದ್ದ ವರ್ಷ ಅದು. ಘೋಷಣೆ ಕೂಗಬಹುದಿತ್ತು, ಅವರು ಹೊಲವನ್ನೇ ತಂದು ಊರಿನ ಮುಂದೆ ಇಟ್ಟರು. ಲಕ್ಷಾಂತರ ಜನ ಬಂದು ಹಾಲು ಕೊಡುವ ಹಸುವನ್ನು, ಮಣ್ಣಿನಲ್ಲಿ ನಿಂತ ಕಾಳನ್ನು ಮುಟ್ಟಿ ನೋಡಿದರು. ಎರಡು ದಿನದ ಮಟ್ಟಿಗೆ ಬೀದಿ ತನ್ನ ಹೆಸರಿಗೆ ಮರಳಿತು. ಅಡಕೆಯ ಧಾರಣೆ ಬಿದ್ದ ವರ್ಷಗಳನ್ನೂ ಎಲೆಚುಕ್ಕೆ ರೋಗದಲ್ಲಿ ಕಂದಿದ ತೋಟಗಳನ್ನೂ ನೋಡಿದ ನನಗೆ ಆ ಚಿತ್ರಗಳನ್ನು ನೋಡುವಾಗ ಕಣ್ಣು ತುಂಬಿತು.

ಮೇಷ್ಟ್ರಾಗಿ ನನಗೆ ಇನ್ನೊಂದು ಪ್ರಸಂಗ ಬಹಳ ಇಷ್ಟ. 2023ರ ಜೂನ್ 4ರಂದು ಆ ಬೀದಿಯಲ್ಲಿ 1,779 ಮೇಜುಗಳನ್ನು ಸಾಲಾಗಿ ಇಟ್ಟರು. ಏಕೆ ಊಹಿಸಿ. ಉಕ್ತಲೇಖನಕ್ಕೆ! ಮೂರು ಸರದಿಯಲ್ಲಿ ಸಾವಿರಾರು ಜನ, ಮಕ್ಕಳು, ಅಜ್ಜಂದಿರು, ಕುಳಿತು ತಮ್ಮ ಭಾಷೆಯನ್ನು ತಪ್ಪಿಲ್ಲದೆ ಬರೆಯಲು ಪ್ರಯತ್ನಿಸಿದರು. ಅಲ್ಪಪ್ರಾಣ, ಮಹಾಪ್ರಾಣ ತಿದ್ದಿ ತಿದ್ದಿ ಸವೆದ ನನ್ನ ಕೆಂಪು ಶಾಯಿಯ ಪೆನ್ನುಗಳೆಲ್ಲ ಆ ದಿನ ನೆನಪಾದವು. ನವೆಂಬರ್ ತಿಂಗಳಿನಲ್ಲಿ ಒಂದು ಭಾನುವಾರ ನಮ್ಮ ನೆಹರೂ ರಸ್ತೆಯಲ್ಲಿ ಇನ್ನೂರು ಮೇಜು ಹಾಕಿ ಕನ್ನಡದ ಉಕ್ತಲೇಖನ ಮಾಡಿದರೆ ಹೇಗಿರುತ್ತದೆ? ಓದಿ ಹೇಳಲು ನಾನು ಸಿದ್ಧನಿದ್ದೇನೆ. ಇಲ್ಲಿ ಕುಳಿತವರಲ್ಲಿ ಮೇಜು ಹೊಂದಿಸಬಲ್ಲವರು ಇದ್ದರೆ ಮಾತಾಡಿ.

2024ರ ಆಗಸ್ಟ್ 28ರಂದು ಪ್ಯಾರಾಲಿಂಪಿಕ್ಸ್ ಉದ್ಘಾಟನೆಯಾದದ್ದು ಕ್ರೀಡಾಂಗಣದಲ್ಲಲ್ಲ, ಈ ಬೀದಿಯಲ್ಲಿ. ಗಾಲಿಕುರ್ಚಿಗಳು ಸರಾಗವಾಗಿ ಉರುಳಲೆಂದು ಉಬ್ಬುತಗ್ಗಿನ ಕಲ್ಲು ಹಾಸಿನ ಮೇಲೆ ಡಾಂಬರಿನ ಪಟ್ಟಿ ಹಾಕಿದ್ದರು. ಸುಮಿತ್ ಆಂಟಿಲ್ ಮತ್ತು ಭಾಗ್ಯಶ್ರೀ ಜಾಧವ್ ಭಾರತದ ಧ್ವಜ ಹಿಡಿದು ಬಂದರು. ಸೈನ್ಯಗಳು ಗತ್ತಿನಲ್ಲಿ ನಡೆದ ಬೀದಿಯಲ್ಲಿ ಆ ಸಂಜೆಯ ನಡಿಗೆಯೇ ನನಗೆ ಎಲ್ಲಕ್ಕಿಂತ ಘನವಾಗಿ ಕಂಡಿತು.

ಆ ಬೀದಿಗೆ ಕೊರಗುಗಳೂ ಇವೆ. ಬಾಡಿಗೆ ಯುರೋಪಿನಲ್ಲೇ ಅತಿ ದುಬಾರಿಯಾದವುಗಳಲ್ಲಿ ಒಂದು. ಸಣ್ಣ ಅಂಗಡಿ ಉಳಿಯುವುದಿಲ್ಲ. ಒಂದು ಕಾಲಕ್ಕೆ ಚಿತ್ರಮಂದಿರಗಳಿಗೆ ಹೆಸರಾದ ಜಾಗ, ಈಗ ಅವು ಒಂದೊಂದಾಗಿ ಕಣ್ಮರೆಯಾಗುತ್ತಿವೆ. 1937ರಿಂದ ಇದ್ದ ನಾರ್ಮಂಡಿ ಚಿತ್ರಮಂದಿರ 2024ರ ಜೂನ್‌ನಲ್ಲಿ ಮುಚ್ಚಿತು. ಅಲ್ಲಿ ನಡೆಯುವವರಲ್ಲಿ ಹೆಚ್ಚಿನವರು ನನ್ನಂತಹ ಪ್ರವಾಸಿಗಳು. ಊರಿನವರು ಬರುವುದು ಕಡಿಮೆ ಎಂದು ಪ್ಯಾರಿಸ್ಸಿನವರೇ ಬೇಸರಪಡುತ್ತಾರೆ. ಅದಕ್ಕಾಗಿಯೇ ಕಾರಿನ ಸಾಲುಗಳನ್ನು ಅರ್ಧಕ್ಕೆ ಇಳಿಸಿ ಮರಗಳನ್ನು ಹೆಚ್ಚಿಸುವ ಯೋಜನೆಯನ್ನು ಮುಂದಿಟ್ಟಿದ್ದಾರೆ. ಮುನ್ನೂರೈವತ್ತು ವರ್ಷದ ಮೇಲೆ ಮತ್ತೆ ತೋಟಗಾರನ ಕಡೆಗೇ ನೋಡುತ್ತಿದ್ದಾರೆ.

ನಿಮ್ಮಲ್ಲಿ ಹಲವರ ಮಕ್ಕಳು ಈಗ ಯುರೋಪಿನ ಊರುಗಳಲ್ಲಿದ್ದಾರೆ, ಹೋಗುವ ಅವಕಾಶ ಬರಬಹುದು. ಹೋದರೆ ಕಮಾನಿನ ಬುಡಕ್ಕೆ ರಸ್ತೆ ದಾಟಿ ಹೋಗುವ ಸಾಹಸ ಬೇಡ. ಹನ್ನೆರಡು ಬೀದಿಗಳ ವಾಹನಗಳು ಅದನ್ನು ಸುತ್ತುತ್ತಿರುತ್ತವೆ. ನೆಲದಡಿಯ ದಾರಿ ಇದೆ. ಮೇಲೆ ಹತ್ತಲು 284 ಮೆಟ್ಟಿಲು. ಮಂಡಿ ನೋವಿಲ್ಲದವರು ಹತ್ತಿ. ಮೇಲಿಂದ ಗೆರೆ ಪೂರ್ತಿಯಾಗಿ ಕಾಣುತ್ತದೆ: ಬೀದಿ, ಈಜಿಪ್ಟಿನ ಸ್ತಂಭ, ತ್ವಿಲರಿ ತೋಟ, ಅದರಾಚೆ ಲೂವ್ರ್. ಮೇ ತಿಂಗಳಲ್ಲಿ ಹೋಗುವುದಾದರೆ ಹತ್ತನೆಯ ತಾರೀಕಿನ ಆಸುಪಾಸಿಗೆ ಹೋಗಿ, ಇಲ್ಲವೇ ಆಗಸ್ಟ್ ಆರಂಭಕ್ಕೆ. ಆ ಕೆಲವು ಸಂಜೆ ಕೆಳಗಿನಿಂದ ನೋಡಿದರೆ ಸೂರ್ಯ ನೇರವಾಗಿ ಕಮಾನಿನೊಳಗೆ ಮುಳುಗುತ್ತಾನೆ. ಮೇ ತಿಂಗಳಲ್ಲಿ ಅದು ರಾತ್ರಿ ಒಂಬತ್ತು ಗಂಟೆಯ ಮೇಲೆ, ನಮ್ಮಲ್ಲಿ ಊಟ ಮುಗಿಸಿ ಎಲೆ ಅಡಕೆಗೆ ಕೂರುವ ಹೊತ್ತಿಗೆ. ನಾನು ನೋಡಿದ ಸಂಜೆ ಮೋಡವಿತ್ತು. ಕೊನೆಯ ಐದು ನಿಮಿಷ ಮೋಡ ಸರಿಯಿತು. ರಸ್ತೆ ದಾಟುವ ಪಟ್ಟಿಯ ನಡುವೆ ಜನ ಹಾಗೆಯೇ ನಿಂತರು, ಕಾರುಗಳೂ ನಿಂತವು, ಎರಡೂ ಬದಿಯ ಪ್ಲೇನ್ ಮರಗಳ ಎಲೆಗಳ ಅಂಚು ಕೆಂಪಾಯಿತು.